ಒಂದನೇ ನಂಬರಿನ ಕೊಳವೆ

ನಮ್ಮ ಮನೆಯಲ್ಲಿ ಹರಿಯಬೇಕಾದ ನೀರು ಹರಿಯುವುದಿಲ್ಲ, ಹರಿಯಬಾರದ ಪುಟಗಳು ಹರಿಯುತ್ತವೆ ಎಂದು ನಾನು ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದೆ. ಹೋದ ಮಳೆಗಾಲದಲ್ಲಿ ಹಿಂಗೋಡೆಯ ಬುಡದಿಂದ ರಾಡಿ ನೀರು ಒಳಗೆ ಬಂದು, ನೆಲದ ಮೇಲಿಟ್ಟಿದ್ದ ಗ್ರಂಥಾಲಯದ ಪುಸ್ತಕಗಳು ಹುಳಿ ಬಂದ ಹಿಟ್ಟಿನ ಹಾಗೆ ಉಬ್ಬಿದ ಮೇಲೆ ಹೇಳುವುದನ್ನು ಬಿಟ್ಟೆ. ನಗಿಸುವುದಕ್ಕೂ ಒಣಗಿದ ನೆಲ ಬೇಕು.

ನಾನು ಕಟ್ಟುವವಳು. ಹಳೆಯ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ರಟ್ಟು ಹಾಕಿ ಮತ್ತೆ ಕಟ್ಟುವುದು ನನ್ನ ಕಸುಬು. ಅಪ್ಪ ಕೆಡವುವವರು. ಹಳೆಯ ಕಟ್ಟಡಗಳನ್ನು ಕೆಡವುವ ಗುತ್ತಿಗೆ ಹಿಡಿದು ಆಯುಷ್ಯವೆಲ್ಲ ಕಳೆದವರು. ಸುತ್ತಮುತ್ತಲಿನವರ ಬಾಯಲ್ಲಿ ಸುತ್ತಿಗೆ ಸಾಹೇಬರು. ಇನ್ನು ನಾನು ಕಟ್ಟಿಕೊಂಡವರು ಬಸ್ ಕಂಡಕ್ಟರ್. ಕಟ್ಟುವವಳು, ಕೆಡವುವವರು, ಕಟ್ಟಿಕೊಂಡವರು, ಮೂವರೂ ಒಂದೇ ಸೂರಿನಡಿ. ಸೂರು ಸೋರುವುದಿಲ್ಲ, ಅದೊಂದು ಪುಣ್ಯ. ಸೋರುವುದು ನೆಲ.

ಮನೆ ಊರ ಹೊರಗೆ, ದಿಣ್ಣೆಯ ಬುಡದಲ್ಲಿದೆ. ದಿಣ್ಣೆ ಇಳಿದು ಬರುವ ನೀರಿಗೆ ಮೊದಲು ಎದುರಾಗುವುದು ನನ್ನ ಕೆಲಸದ ಕೋಣೆಯ ಹಿಂಗೋಡೆ. ಮನೆಯ ಪಕ್ಕಕ್ಕೆ, ಕಾಂಪೌಂಡಿನ ಆಚೆ, ಒಂದು ಹಳ್ಳ. ನೀರಿಗೆ ಹಳ್ಳ ಬೇಕು, ಹಳ್ಳಕ್ಕೆ ನೀರು ಬೇಕು. ನಡುವೆ ನಾನು ಯಾಕೆ ಬೇಕು ಎಂಬುದೇ ನನ್ನ ಪ್ರಶ್ನೆಯಾಗಿತ್ತು.

ಈ ವರ್ಷ ಆ ಪ್ರಶ್ನೆಗೆ ಗಡುವು ಬಂತು. ತಂದವರು ಗ್ರಂಥಪಾಲಕಿ. ವರ್ಷಗಟ್ಟಲೆ ಗ್ರಂಥಾಲಯದಲ್ಲಿ ಕೂತು ಅವರ ಧ್ವನಿ ಪಿಸುಮಾತಿಗೇ ಒಗ್ಗಿಹೋಗಿದೆ. ಬಸ್ಸಿನಲ್ಲೂ "ಇಳೀಬೇಕು" ಎಂದು ಪಿಸುಗುಟ್ಟಿ, ಯಾರಿಗೂ ಕೇಳಿಸದೆ ಮುಂದಿನ ಸ್ಟಾಪಿಗೆ ಹೋಗಿ ಇಳಿಯುತ್ತಾರೆಂದು ನಮ್ಮ ಕಂಡಕ್ಟರ್ ಹೇಳುವುದುಂಟು. ಅವರು ಮೂರು ದಪ್ಪ ಸಂಪುಟಗಳನ್ನು ಮಗುವನ್ನು ಎತ್ತಿಕೊಂಡ ಹಾಗೆ ತಂದು ನನ್ನ ಮೇಜಿನ ಮೇಲಿಟ್ಟರು.

"ಹಳೇ ನಿಘಂಟು. ಇಡೀ ಸೆಟ್ಟು ನಿಮ್ಮ ಕೈಲೇ ಕಟ್ಟಿಸ್ಬೇಕು ಅಂತ ಆಸೆ," ಎಂದು ಪಿಸುಗುಟ್ಟಿದರು. "ಈಗ ಈ ಮೂರು ಇರ್ಲಿ. ಒಂದು ಜೋರು ಮಳೆ ಬಂದು ಹೋದ್ಮೇಲೆ ನಾನೇ ಬಂದು ರೂಮು ನೋಡ್ತೀನಿ. ಒಣಗಿದ್ರೆ ಉಳಿದದ್ದೆಲ್ಲ ಬರುತ್ತೆ. ಒದ್ದೆಯಿದ್ರೆ ಇವೂ ನನ್ನ ಜೊತೆ ಹೊರಡುತ್ವೆ. ಬೇಜಾರು ಮಾಡ್ಕೋಬೇಡಿ."

ಇಂಥ ಮಾತನ್ನು ಕೂಗಿ ಹೇಳಿದ್ದರೆ ತಿರುಗಿ ಕೂಗಬಹುದಿತ್ತು. ಪಿಸುಮಾತಿಗೆ ಏನೆಂದು ಎದುರಾಡುವುದು?

ನಿಘಂಟು ಹೋದರೆ ನನಗೆ ಉಳಿಯುವುದು ಕಾಲೇಜು ಹುಡುಗರ ವರದಿಗಳಿಗೆ ಪ್ಲಾಸ್ಟಿಕ್ ಸುರುಳಿ ಹಾಕುವ ಕೆಲಸ. ತೂತು ಹೊಡಿ, ಸುರುಳಿ ತಿರುಗಿಸು, ಕೊಡು. ಅದಕ್ಕೆ ಸೂಜಿ ಬೇಡ, ದಾರ ಬೇಡ, ನಾನೂ ಬೇಡ. ಬೆನ್ನಿರುವ ಪುಸ್ತಕ ಕೈಗೆ ಬಂದು ಎಷ್ಟೋ ಕಾಲವಾಗಿತ್ತು. ಆ ಮೂರು ಸಂಪುಟಗಳ ಬೆನ್ನು ಸವರಿ ನಾನು ತೀರ್ಮಾನಿಸಿದೆ: ಮಳೆಗೆ ಮೊದಲು ಚರಂಡಿ ಆಗಬೇಕು.

"ಸರಿ, ನಾಳೆನೇ ಪೈಪು ತಂದ್ಬಿಡ್ತೀನಿ," ಎಂದರು ಕಂಡಕ್ಟರ್. "ಡಿಪೋ ಎದುರಿನ ಅಂಗಡೀಲಿ ಪ್ಲಾಸ್ಟಿಕ್ ಪೈಪು ಗುಡ್ಡೆ ಹಾಕಿದಾರೆ."

ಅಪ್ಪ ಕಾಫಿ ಲೋಟವನ್ನು ಕೆಳಗಿಟ್ಟ ಸದ್ದಿಗೇ ನನಗೆ ಮುಂದಿನದು ಗೊತ್ತಾಯಿತು.

"ಹೊಸದಾ? ಹೊಸ ಪೈಪು ಅಂದ್ರೆ ಏನು ಅಳಿಯಂದ್ರೇ? ಇನ್ನೂ ಹಳೇದಾಗೋಕೆ ಬರ್ದೇ ಇರೋ ಪೈಪು. ನನ್ನ ಹತ್ರ ಕಲಿತಿರೋ ಪೈಪುಗಳಿವೆ. ತಿಳೀತಾ?"

"ತಿಳೀತು ಮಾವ. ಆದ್ರೆ ಕಲಿತವ್ರೆಲ್ಲ ಕೆಲಸ ಮಾಡ್ತಾರಾ?"

"ಯಾರಿಗಂದ್ರಿ ಅದು?" ಎಂದು ನಾನು ಕೇಳಿದೆ. ಮನೆಯಲ್ಲಿ ಡಿಗ್ರಿ ಇರುವುದು ನನಗೊಬ್ಬಳಿಗೇ.

ಅಪ್ಪನ ಆಸ್ತಿ ಹಿತ್ತಿಲಲ್ಲಿದೆ. ನಾವದನ್ನು ಗುಡ್ಡ ಎನ್ನುತ್ತೇವೆ. ಕೆಡವಿದ ಪ್ರತಿ ಕಟ್ಟಡದಿಂದಲೂ ಅಪ್ಪ ಏನಾದರೊಂದನ್ನು ಮನೆಗೆ ತಂದಿದ್ದಾರೆ: ಮನೆಗಳಿಲ್ಲದ ಬಾಗಿಲುಗಳು, ಹತ್ತಿದರೆ ಗಾಳಿಗೆ ಕರೆದೊಯ್ಯುವ ಒಂದು ಕಬ್ಬಿಣದ ಮೆಟ್ಟಿಲು, ಯಾವುದೋ ಲಾಂಡ್ರಿಯ ಬಟ್ಟೆ ಒಗೆಯುವ ಯಂತ್ರದ ತೂತು ತೂತಿನ ಡ್ರಮ್ಮು, ಮುಚ್ಚಿಹೋದ ಚಿತ್ರಮಂದಿರದ ಕೆಂಪು ಪರದೆ. ಅದರಾಚೆ, ತಗಡಿನ ಕೆಳಗೆ, ಒಂದು ಹಳೆಯ ಹಾಸ್ಟೆಲಿನ ನೆಲದೊಳಗಿಂದ ಕಿತ್ತ ಸುಟ್ಟ ಮಣ್ಣಿನ ಕೊಳವೆಗಳು. ಕಂದು ಬಣ್ಣದ ಮೆರುಗು, ತಟ್ಟಿದರೆ ಗಂಟೆಯಂಥ ನಾದ. ಒಂದೊಂದರ ಒಂದು ತುದಿ ಬಾಯಿ ತೆರೆದ ಹಾಗೆ ಅಗಲ, ಇನ್ನೊಂದು ತುದಿ ಅದಕ್ಕಿಂತ ಕಿರಿದು; ಒಂದರ ಕಿರಿದಾದ ತುದಿ ಇನ್ನೊಂದರ ಬಾಯೊಳಗೆ ಕೂರಬೇಕು. ಪ್ರತಿಯೊಂದರ ಮೇಲೂ ಕೆಂಪು ಬಣ್ಣದಲ್ಲಿ ನಂಬರು.

"ನೋಡು," ಅಪ್ಪ ನನ್ನ ಕೈ ಹಿಡಿದು ಒಂದರ ಮೇಲೆ ಇಟ್ಟರು. "ಒಂದೂ ಒಡೀದಂಗೆ ಕಿತ್ತಿದೀನಿ. ಕೀಳ್ತಾ ಕೀಳ್ತಾನೇ ನಂಬರ್ ಹಾಕಿದೀನಿ. ಒಂದು, ಎರಡು, ಮೂರು. ಜೋಡಿಸೋರಿಗೆ ತಲೆನೋವೇ ಇಲ್ಲ. ತಿಳೀತಾ?"

ನನಗೆ ಮನಸ್ಸು ಕರಗಿತು ಎಂದರೆ ಸುಳ್ಳು. ನನಗೆ ನಂಬರು ಕಂಡಿತು. ಪುಟಸಂಖ್ಯೆ ನೋಡಿ ಬದುಕುವವಳಿಗೆ ನಂಬರಿದ್ದ ವಸ್ತುವಿನ ಮೇಲೆ ಅನುಮಾನ ಬರುವುದಿಲ್ಲ.

ಅನುಮಾನ ಬಂದದ್ದು ಕಂಡಕ್ಟರಿಗೆ. ಕಂಡದ್ದನ್ನು ಕಂಡ ಹಾಗೆ ಹೇಳುವುದು ಅವರ ದೌರ್ಬಲ್ಯ. "ಮಾವ, ಇವೆಲ್ಲ ಒಂದೇ ಅಳತೆ ಇಲ್ವಲ್ಲ? ಒಂದನೇದು ದಪ್ಪ ಇದೆ. ಹೋಗ್ತಾ ಹೋಗ್ತಾ ಸಣ್ಣ ಆಗಿದೆ. ಕೊನೇದರೊಳಗೆ ನನ್ನ ಕೈನೇ ಹಿಡಿಯಲ್ಲ."

"ಮನುಷ್ಯ ಹಂಗೇ ಅಲ್ವಾ? ತಲೆ ದಪ್ಪ, ಕಾಲು ಸಣ್ಣ."

"ಅಲ್ಲ, ಬಸ್ಸಿಗೆ ಹತ್ತೋರು ಬಾಗಿಲಲ್ಲಿ ಹತ್ತಿ ಕಿಟಕೀಲಿ ಇಳಿದ್ರೆ ಹೆಂಗೆ ಅಂತ..."

"ಎಲ್ಲದಕ್ಕೂ ನಿಮ್ಮ ಬಸ್ಸೇ ಬೇಕಾ?" ಎಂದು ನಾನು ಅವರ ಬಾಯಿ ಮುಚ್ಚಿಸಿದೆ. ಈ ವಾಕ್ಯವನ್ನು ಆಮೇಲೆ ಅವರು ನನ್ನದೇ ಧ್ವನಿಯಲ್ಲಿ, ಸೊಂಟದ ಮೇಲೆ ಕೈಯಿಟ್ಟು, ಬಹಳ ಸಲ ಹೇಳಿ ತೋರಿಸಿದರು. ಕಂಡವರ ಧ್ವನಿ ಅಣಕಿಸುವ ನನ್ನ ಚಾಳಿ ನನಗೇ ತಿರುಗಿತು. ಅವರು ಅಷ್ಟೇನೂ ಚೆನ್ನಾಗಿ ಮಾಡುವುದಿಲ್ಲ.

ಕೆಲಸ ಶುರುವಾಯಿತು. ಹಿಂಗೋಡೆಯ ಉದ್ದಕ್ಕೂ ಒಂದು ಕಾಲುವೆ ತೋಡಿ, ಅದಕ್ಕೆ ಒಡೆದ ಹೆಂಚಿನ ಚೂರು ತುಂಬಿದೆವು. ಅದರ ತುದಿಯಲ್ಲಿ ಲಾಂಡ್ರಿಯ ಡ್ರಮ್ಮನ್ನು ಹೂತೆವು. ಮಣ್ಣು ಒಳಗೆ ಹೋಗದಿರಲೆಂದು ಅದಕ್ಕೆ ಚಿತ್ರಮಂದಿರದ ಪರದೆ ಸುತ್ತಿದೆವು. ಆ ಪರದೆಯನ್ನು ಕತ್ತರಿಸಲು ಹೋಗಿ ನನ್ನ ಒಳ್ಳೆಯ ಕತ್ತರಿ ಮೊಂಡಾಯಿತು. ಅದನ್ನು ಹೇಳಿದರೆ ಅಪ್ಪ ಗುಡ್ಡದಿಂದ ಇನ್ನೊಂದು ಕತ್ತರಿ ತಂದುಕೊಟ್ಟರು. ಅದಕ್ಕೆ ಒಂದೇ ಅಲಗು ಇತ್ತು. "ಇನ್ನೊಂದು ಎಲ್ಲೋ ಇದೆ, ಹುಡುಕ್ತೀನಿ," ಎಂದು ಹೋದವರು ಊಟದ ಹೊತ್ತಿಗೆ ಬಂದರು, ಕೈಯಲ್ಲಿ ಬಾಗಿಲ ಚಿಲಕ ಹಿಡಿದುಕೊಂಡು. ಅಪ್ಪನೊಡನೆ ಕೆಲಸ ಮಾಡುವುದೆಂದರೆ ಹೀಗೆ. ಹುಡುಕುವುದಕ್ಕೆ ಹೋದದ್ದು ಸಿಗುವುದಿಲ್ಲ, ಸಿಕ್ಕಿದ್ದಕ್ಕೆ ಕೆಲಸ ಹುಡುಕಬೇಕು.

ಡ್ರಮ್ಮಿನಿಂದ ಮನೆಯ ಮಗ್ಗುಲಿಗೆ ತಿರುಗಿ, ಕಾಂಪೌಂಡು ದಾಟಿ, ಹಳ್ಳದವರೆಗೆ ಕೊಳವೆ ಹೋಗಬೇಕು. ಇಳಿಜಾರನ್ನು ನಾವು ನೀರು ತುಂಬಿದ ಪಾರದರ್ಶಕ ನಳಿಕೆ ಹಿಡಿದು ಅಳೆದೆವು, ಅದು ಸರಿಯಾಗಿಯೇ ಇತ್ತು. ಆಮೇಲೆ ನಾನು ಅಗೆದ ಮಣ್ಣಿನ ದಿಬ್ಬದ ಮೇಲೆ ನಿಂತು ನಂಬರು ಕೂಗುವುದು, ಕಂಡಕ್ಟರ್ ಎತ್ತಿಕೊಡುವುದು, ಅಪ್ಪ ಕಾಲುವೆಯೊಳಗೆ ಕೂರಿಸುವುದು.

"ಒಂದು!" ಡ್ರಮ್ಮಿನ ಪಕ್ಕಕ್ಕೆ ಒಂದನೇ ಕೊಳವೆ, ಎಲ್ಲಕ್ಕಿಂತ ದಪ್ಪದ್ದು. "ಎರಡು!" ಅದರ ಮುಂದಕ್ಕೆ ಎರಡು.

"ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ," ಎಂದು ಕಂಡಕ್ಟರ್ ಕೊಳವೆಗಳಿಗೇ ಹೇಳುತ್ತಿದ್ದರು.

ಅವು ಕೂತ ರೀತಿ ಏನೆಂದು ಹೇಳಲಿ! ಒಂದರೊಳಗೊಂದು, ಎಷ್ಟೋ ಕಾಲದಿಂದ ಕಾಯುತ್ತಿದ್ದ ಹಾಗೆ, ಅಚ್ಚುಕಟ್ಟಾಗಿ ಕೂತವು. ಗುಡ್ಡದ ಯಾವ ವಸ್ತುವೂ ಇನ್ನೊಂದಕ್ಕೆ ಹೊಂದಿದ್ದನ್ನು ನಾನು ಹುಟ್ಟಿದಾರಭ್ಯ ನೋಡಿರಲಿಲ್ಲ. ಸಂದುಗಳಿಗೆ ಹಳೆಯ ಟೈರಿನ ಟ್ಯೂಬು ಬಿಗಿದು, ಕೊನೆಯ ಸಣ್ಣ ಕೊಳವೆಯನ್ನು ಕಾಂಪೌಂಡಿನ ಬುಡದ ಕಿಂಡಿಯಿಂದ ಹಳ್ಳಕ್ಕೆ ತೂರಿಸಿ, ಮಣ್ಣು ಮುಚ್ಚಿದೆವು. ಅಪ್ಪ ಅದರ ಮೇಲೆ ಹೆಜ್ಜೆ ಹಾಕಿ ತುಳಿದರು. ನಾವು ಬಕೆಟ್ಟಿನಲ್ಲಿ ನೀರು ಸುರಿದೆವು. ಹಳ್ಳದ ಕಡೆಯಿಂದ ಕಂಡಕ್ಟರ್ ಸೀಟಿ ಊದಿದರು. ನೀರು ಬಂದಿತ್ತು.

"ನೋಡಿದ್ಯಾ? ಹಳೇದು," ಎಂದರು ಅಪ್ಪ. ಆ ದಿನ ಅವರಿಗೆ 'ತಿಳೀತಾ' ಎನ್ನುವುದೂ ಬೇಕಾಗಲಿಲ್ಲ.

ಮಳೆ ಬಂದದ್ದು ಒಂದು ಮಧ್ಯಾಹ್ನ. ಮೊದಲ ಹನಿಗಳಿಗೆ ನಾನು ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು, ಸಿನಿಮಾ ನೋಡುವ ಹಾಗೆ ಕೂತೆ. ಪರದೆಯಂತೂ ನೆಲದೊಳಗೆ ಸಿದ್ಧವಾಗಿತ್ತು. ದಿಣ್ಣೆಯ ನೀರು ಇಳಿಯಿತು, ಹೆಂಚಿನ ಚೂರುಗಳ ನಡುವೆ ಹೊಕ್ಕಿತು, ಡ್ರಮ್ಮಿನ ಕಡೆ ಓಡಿತು. ನಾನು ಚಪ್ಪಾಳೆಯನ್ನೂ ತಟ್ಟಿದೆ. ಆಮೇಲೆ ಡ್ರಮ್ಮು ತುಂಬಿತು. ತುಂಬಿದ್ದು ಇಳಿಯಲಿಲ್ಲ. ಉಕ್ಕಿತು.

ಮೊದಲೆಲ್ಲ ನೀರು ಗೋಡೆಯ ಉದ್ದಕ್ಕೂ ಹಂಚಿಕೊಂಡು, ಸಂಕೋಚದಿಂದ ಜಿನುಗುತ್ತಿತ್ತು. ಈಗ ನಾವು ಅದನ್ನು ಒಂದೇ ಕಡೆ ಒಟ್ಟುಗೂಡಿಸಿ, ದಾರಿ ತೋರಿಸಿ, ಗೌರವದಿಂದ ಮನೆಯ ಮೂಲೆಗೆ ಕರೆತಂದಿದ್ದೆವು. ಅದು ಹಿಂಬಾಗಿಲ ಹೊಸ್ತಿಲು ದಾಟಿ ಬಂತು. ಸಾಲದ್ದಕ್ಕೆ ಮನೆಯ ಮಗ್ಗುಲಿನ ನೆಲದಿಂದಲೂ, ಕೊಳವೆ ಹೂತ ಗೆರೆಯುದ್ದಕ್ಕೂ ನೀರು ಬುಗ್ಗೆ ಬುಗ್ಗೆಯಾಗಿ ಎದ್ದು ಗೋಡೆಯ ಕೆಳಗೆ ನುಸುಳಿತು.

"ಅಪ್ಪಾ!"

"ಇಳಿಜಾರು ಸರಿಯಿದೆ!" ಎಂದು ಅಪ್ಪ ಒಳಗಿನಿಂದಲೇ ಕೂಗಿದರು. ನಾನಿನ್ನೂ ಏನನ್ನೂ ಕೇಳಿರಲಿಲ್ಲ.

ರಟ್ಟು, ಬಟ್ಟೆ, ದಾರದ ಉಂಡೆ ಎಲ್ಲವನ್ನೂ ಮಂಚದ ಮೇಲೆ ಎಸೆದೆ. ಎರಡು ಸಂಪುಟಗಳನ್ನು ಕಪಾಟಿನ ನೆತ್ತಿಗೇರಿಸಿದೆ. ಮೂರನೆಯದು ಕೈ ಜಾರಿ ನೀರಿಗೆ ಬಿತ್ತು. ಅದು ಬಿದ್ದ ಸದ್ದು ಇನ್ನೂ ಕಿವಿಯಲ್ಲಿದೆ. ದಪ್ಪಗಿನವರು ದೊಪ್ಪನೆ ಕೂತು ನಿಟ್ಟುಸಿರು ಬಿಟ್ಟ ಹಾಗಿತ್ತು.

ಆಗಲೇ ಫೋನು.

ನನಗೊಂದು ಕಾಯಿಲೆ. ಕಷ್ಟ ಬಂದಾಗ ನನಗೆ ಬೇರೆಯವರ ಧ್ವನಿ ಬರುತ್ತದೆ. ಫೋನೆತ್ತಿದ್ದು ನಾನು, ಬಾಯಿಂದ ಹೊರಟಿದ್ದು ತೀರಿಕೊಂಡ ನನ್ನ ಸೋದರತ್ತೆ. "ಯಾರವ್ವಾ ಅದೂ?"

"ನಾನು, ಗ್ರಂಥಾಲಯದಿಂದ," ಎಂದಿತು ಪಿಸುಮಾತು.

"ಜೋರಾಗ್ ಹೇಳು ತಾಯೀ, ಕಿವಿ ಮಂದ."

ಆ ಕಡೆಯಿಂದ ಬಂದದ್ದು ಸ್ವಲ್ಪ ದಪ್ಪನೆಯ ಪಿಸುಮಾತು. "ಅಜ್ಜಿ, ಮಳೆ ಬಂತಲ್ಲ, ಅವರ ರೂಮಿಗೆ ನೀರು ಬಂತಾ?"

ನಾನು ಪಾದ ಮುಳುಗುವ ನೀರಿನಲ್ಲಿ ನಿಂತು, ಒದ್ದೆಯಾದ ಸಂಪುಟವನ್ನು ಎದೆಗವಚಿಕೊಂಡು ಹೇಳಿದೆ: "ಒಂದ್ ಹನೀನೂ ಇಲ್ಲ ಕಣಮ್ಮ. ನೆಲ ಒಣಗಿ ಬಿರುಕು ಬಿಟ್ಟದೆ."

"ಒಳ್ಳೇದಾಯ್ತು. ಹಾಗಾದ್ರೆ ನಾಳೆ ಬೆಳಿಗ್ಗೆ ಬಸ್ಸಿಗೆ ಬರ್ತೀನಿ ಅಂತ ಹೇಳಿ ಅಜ್ಜಿ."

ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ಅಪ್ಪ. ಅವರ ಮುಖ ಬಿಳುಚಿತ್ತು. "ಅಕ್ಕನ ಧ್ವನಿ ಕೇಳಿದಂಗಾಯ್ತು," ಎಂದರು.

"ಅತ್ತೆ ಕೇಳ್ತಿದ್ರು, ಯಾರು ಆ ಪೈಪು ಹಾಕಿದ್ದು ಅಂತ."

ಮಳೆ ನಿಂತಿತು. ಡ್ಯೂಟಿ ಮುಗಿಸಿ ಬಂದ ಕಂಡಕ್ಟರ್ ಪ್ಯಾಂಟು ಮಡಚಿಕೊಂಡು ನೀರು ಎತ್ತಿ ಹಾಕಿದರು. ಅಪ್ಪ ಒಂದೇ ಮಾತು ಹಿಡಿದು ಕೂತಿದ್ದರು: ಇಳಿಜಾರು ಸರಿಯಿದೆ, ಪೈಪು ಸರಿಯಿದೆ, ಮಳೆಯೇ ಅತಿಯಾಯಿತು. ಕಂಡಕ್ಟರ್ ಕಿಟಕಿಯಿಂದ ಇಳಿಯುವ ಪ್ರಯಾಣಿಕರ ಬಗ್ಗೆ ಮತ್ತೆ ಬಾಯಿ ತೆರೆದರು. ನಾನು ಕೈಯಲ್ಲಿದ್ದ ಅಂಟಿನ ಕುಂಚವನ್ನು ಎತ್ತಿದ ರೀತಿ ನೋಡಿ ಮುಚ್ಚಿದರು.

ಇಬ್ಬರನ್ನೂ ನೋಡಲಾರದೆ ನಾನು ಒದ್ದೆಯಾದ ಸಂಪುಟದೊಡನೆ ಮೇಜಿಗೆ ಹೋದೆ. ನೆಂದ ಪುಸ್ತಕವನ್ನು ಕೂಡಲೇ ಬಿಚ್ಚಿ ಒಣಗಿಸಬೇಕು. ಪುಸ್ತಕವೆಂದರೆ ಮಡಿಚಿದ ಹಾಳೆಗಳ ಸಣ್ಣ ಸಣ್ಣ ಕಂತೆಗಳು, ಒಂದರ ಹಿಂದೊಂದು ಹೊಲಿದದ್ದು. ದಾರ ಕತ್ತರಿಸಿ ಮೊದಲ ಕಂತೆ ತೆಗೆದು ಪಕ್ಕಕ್ಕಿಟ್ಟೆ. ಅದರ ಮೇಲೆ ಎರಡನೆಯದು, ಅದರ ಮೇಲೆ ಮೂರನೆಯದು. ಸಿಟ್ಟಿನಲ್ಲಿ ಕೈ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಮುಗಿದ ಮೇಲೆ ನೋಡಿದರೆ ರಾಶಿಯ ಮೇಲಿರುವುದು ಕೊನೆಯ ಕಂತೆ! ಕಲಿಯುವವರು ಮೊದಲ ದಿನ ಮಾಡುವ ತಪ್ಪು. ಬಿಚ್ಚುವಾಗ ಪ್ರತಿ ಕಂತೆಯನ್ನೂ ಮಗುಚಿ ಇಡಬೇಕು, ಇಲ್ಲದಿದ್ದರೆ ರಾಶಿ ತಲೆಕೆಳಗಾಗುತ್ತದೆ. ಬಿಚ್ಚಿದ ಕ್ರಮದಲ್ಲಿ ಕಟ್ಟಿದರೆ...

ನಾನು ಕತ್ತರಿಯನ್ನು ಕೆಳಗಿಟ್ಟೆ.

"ಅಪ್ಪಾ, ಆ ಹಾಸ್ಟೆಲಿನ ಪೈಪು ಎಲ್ಲಿಂದ ಕೀಳೋಕೆ ಶುರು ಮಾಡಿದ್ರಿ?"

"ಎಲ್ಲಿಂದ ಅಂದ್ರೆ? ಕೆಳಗಿನ ತುದಿಯಿಂದ. ಯಾವಾಗಲೂ ಕೆಳಗಿಂದಾನೇ ಕೀಳೋದು. ಮೇಲಿಂದ ಕಿತ್ರೆ ಒಳಗಿರೋ ಕೊಳಕು ನೀರೆಲ್ಲ ಮೈಮೇಲೆ ಬರುತ್ತೆ. ಅಷ್ಟೂ ತಿಳಿಯಲ್ವಾ?"

"ಹಾಗಾದ್ರೆ ಒಂದನೇ ನಂಬರು?"

"ಮೊದಲು ಕಿತ್ತಿದ್ದು."

"ಅಂದ್ರೆ ಎಲ್ಲಕ್ಕಿಂತ ಕೆಳಗಿದ್ದದ್ದು. ನೀರು ಹೊರಗೆ ಬೀಳೋ ಬಾಯಿ. ಅದನ್ನ ನಾವು ಎಲ್ಲಿ ಹಾಕಿದೀವಿ?"

ಅಪ್ಪ ಜೀವಮಾನವಿಡೀ ಕೆಡವಿದವರು; ಕೆಡವಿದ್ದನ್ನು ಯಾರಾದರೂ ಒಂದು ದಿನ ಮತ್ತೆ ಜೋಡಿಸಬಹುದೆಂದು ಅವರಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಹಾಸ್ಟೆಲಿನ ಹತ್ತಿರ ಸಣ್ಣಗೆ ಶುರುವಾಗಿ, ಹೋಗುತ್ತ ಹೋಗುತ್ತ ದಪ್ಪವಾಗುವ ಸಾಲನ್ನು ನಾವು ಹಿಂದುಮುಂದಾಗಿ ಹೂತಿದ್ದೆವು. ನೀರು ದೊಡ್ಡ ಬಾಯಿಯಲ್ಲಿ ನುಗ್ಗಿ, ಕೈ ಹಿಡಿಯದ ತೂತಿನಲ್ಲಿ ಹೊರಬರಬೇಕಿತ್ತು. ಪ್ರತಿ ಸಂದಿನಲ್ಲೂ ಬಾಯಿ ಹಳ್ಳದ ಕಡೆ ತಿರುಗಿತ್ತು, ಅಂದರೆ ಬಂದ ನೀರೆಲ್ಲ ಸಂದಿಗೇ ನುಗ್ಗುವಂತೆ. ನಂಬರು ಮಾತ್ರ ಒಂದೂ ತಪ್ಪಿರಲಿಲ್ಲ. ಕೂಗಿದವಳು ನಾನೇ.

"ಕಿಟಕಿ..." ಎಂದರು ಕಂಡಕ್ಟರ್.

"ಸರಿ! ಕಿಟಕಿ! ನಿಮ್ಮ ಬಸ್ಸೇ ಸರಿ! ಈಗ ಗುದ್ದಲಿ ತಗೊಳಿ!"

ಬೆಳಕಿರುವವರೆಗೆ ಅಗೆದೆವು. ಮರುದಿನ ಬೆಳಕಾಗುತ್ತಲೇ ಕಂಡಕ್ಟರ್ ಡ್ಯೂಟಿಗೆ ಹೊರಟರು. ಆ ಬೆಳಗಿನ ಬಸ್ಸೇ ಅವರದು. ಗ್ರಂಥಪಾಲಕಿ ಬರುವುದೂ ಅದರಲ್ಲೇ. "ಸ್ವಲ್ಪ ನಿಧಾನ ಮಾಡಿಸೋಕಾಗುತ್ತಾ?" ಎಂದು ಕೇಳಿದೆ. "ಡ್ರೈವರ್ ಕೈಲಿದೆ, ನನ್ನ ಕೈಲಿರೋದು ಬರೀ ಸೀಟಿ," ಎಂದು ಹೋದರು.

ಕೀಳುವ ಕೆಲಸವೆಂದರೆ ಅಪ್ಪನಿಗೆ ಇಪ್ಪತ್ತು ವರ್ಷ ಕಡಿಮೆಯಾಗುತ್ತದೆ. ರಾತ್ರಿಯೆಲ್ಲ ನೀರು ಹೀರಿಕೊಂಡು ಹಿಟ್ಟಾಗಿದ್ದ ಕೆಸರಿನಿಂದ ಅವರು ಕೊಳವೆಗಳನ್ನು ಮಗುವಿನ ಹಲ್ಲು ಕೀಳುವಷ್ಟು ನಾಜೂಕಾಗಿ ಎತ್ತಿದರು. ನಾನು ಅವನ್ನು ಹೊತ್ತು ಸಾಲಾಗಿ ಇಡುತ್ತ ಬಂದೆ. ಒಂದು ಸಲ ತಿರುಗಿ ನೋಡುತ್ತೇನೆ, ಅಪ್ಪ ಒಂದು ಕೊಳವೆಯನ್ನು ಬಟ್ಟೆಯಿಂದ ಒರೆಸಿ, ಪಕ್ಕದಲ್ಲಿ ಡಬ್ಬಿ ಇಟ್ಟುಕೊಂಡು, ಹಳೆಯ ನಂಬರಿನ ಪಕ್ಕಕ್ಕೆ ಕೆಂಪು ಬಣ್ಣದಲ್ಲಿ ಹೊಸ ನಂಬರು ಬರೆಯುತ್ತಿದ್ದಾರೆ. ಕೀಳುತ್ತಿರುವ ಕ್ರಮದಲ್ಲಿ.

"ಅಪ್ಪಾ!"

"ಗುರುತಿರ್ಲಿ ಅಂತ..."

ಬ್ರಷ್ಷು ಕಿತ್ತುಕೊಂಡು ಹಳ್ಳದ ದಡದ ಪೊದೆಗೆ ಎಸೆದೆ. ಅಪ್ಪ ಅದು ಬಿದ್ದ ಜಾಗವನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಂಡದ್ದು ನನಗೆ ಕಂಡಿತು.

ಸಣ್ಣದನ್ನು ಡ್ರಮ್ಮಿನ ಪಕ್ಕಕ್ಕಿಟ್ಟು, ಬಾಯಿಗಳೆಲ್ಲ ಡ್ರಮ್ಮಿನ ಕಡೆ ತಿರುಗುವಂತೆ ಮತ್ತೆ ಜೋಡಿಸತೊಡಗಿದೆವು. ಒಂದೊಂದೂ ಮೊದಲಿನಷ್ಟೇ ಚೆನ್ನಾಗಿ ಕೂತಿತು, ಮೊದಲಿನಷ್ಟೇ ನಿಷ್ಠೆಯಿಂದ. ಈ ಕೊಳವೆಗಳಿಗೆ ಸ್ವಂತ ಅಭಿಪ್ರಾಯವೇ ಇಲ್ಲವಲ್ಲ ಎಂದು ನನಗೆ ಸಿಟ್ಟು ಬಂತು. ಟ್ಯೂಬಿನ ಪಟ್ಟಿ ಕೆಸರಿಗೆ ಜಾರಿ ಮುಖಕ್ಕೆ ಹೊಡೆಯುತ್ತಿತ್ತು. ಅದಾಗಲೇ ಬಸ್ಸಿನ ಹೊತ್ತು ಆಗಿತ್ತು. ಬಸ್ಸು ಬಂದ ಸದ್ದು, ನಿಂತ ಸದ್ದು. ಹೊರಟ ಸದ್ದು. ಯಾರೂ ಬರಲಿಲ್ಲ.

ಆಮೇಲೆ ಗೊತ್ತಾಯಿತು. ಗ್ರಂಥಪಾಲಕಿ ನಮ್ಮ ಸ್ಟಾಪಿನಲ್ಲಿ "ಇಳೀಬೇಕು" ಎಂದು ಪಿಸುಗುಟ್ಟಿದರಂತೆ. ಎಲ್ಲವನ್ನೂ ಕೇಳಿಸಿಕೊಳ್ಳುವ ನಮ್ಮ ಕಂಡಕ್ಟರಿಗೆ ಆವತ್ತು ಕೇಳಿಸಲೇ ಇಲ್ಲವಂತೆ. ಅವರು ಕೊನೆಯ ಸ್ಟಾಪಿನವರೆಗೆ ಹೋಗಿ, ಅದೇ ಬಸ್ಸಿನಲ್ಲಿ ತಿರುಗಿ ಬಂದರು.

ಅಷ್ಟರಲ್ಲಿ ಉಳಿದದ್ದು ಒಂದೇ ಕೊಳವೆ. ಒಂದನೇ ನಂಬರಿನದು. ಅದನ್ನು ಅಪ್ಪ ಒಂದು ಕಡೆ, ನಾನು ಒಂದು ಕಡೆ ಹಿಡಿದು ಕಾಂಪೌಂಡಿನ ಬುಡಕ್ಕೆ ತಂದೆವು. ಕಿಂಡಿಗೆ ಒಡ್ಡಿದೆವು. ಹೋಗಲಿಲ್ಲ. ಆ ಕಿಂಡಿಯನ್ನು ನಾವು ಸಣ್ಣ ಕೊಳವೆಗೆಂದು ಕೊರೆದಿದ್ದೆವು. ದಪ್ಪದ್ದು ಅದರ ಮುಂದೆ, ಮಗುವಿನ ಅಂಗಿ ತೊಡಲು ಹೊರಟ ದೊಡ್ಡಪ್ಪನ ಹಾಗೆ ನಿಂತಿತ್ತು. ಅದು ಗೋಡೆ ದಾಟದಿದ್ದರೆ ಬಂದ ನೀರೆಲ್ಲ ಕಾಂಪೌಂಡಿಗೆ ಬಡಿದು ಮನೆಗೇ ತಿರುಗುತ್ತದೆ.

ದಿಣ್ಣೆಯ ಮೇಲೆ ಗುಡುಗಿತು. ಹಿಂದಿನಿಂದ ಒಂದು ಪಿಸುಮಾತು ಬಂತು. "ನಮಸ್ಕಾರ."

ಕೊಡೆ ಹಿಡಿದು ಗ್ರಂಥಪಾಲಕಿ ನಿಂತಿದ್ದರು. ನಾನು ತಲೆಯಿಂದ ಪಾದದವರೆಗೆ ಕೆಸರು. ಬಾಯಿ ತೆರೆಯುವ ಮೊದಲೇ ಹನಿ ಬಿತ್ತು, ಹಿಂದೆಯೇ ಮಳೆ ಬಂತು.

"ಸರಿ," ಎಂದರು ಅಪ್ಪ. ಗುಡ್ಡಕ್ಕೆ ಹೋಗಿ ದೊಡ್ಡ ಸುತ್ತಿಗೆ ತಂದರು. ಈ ಸಲ ಹುಡುಕಬೇಕಾಗಿ ಬರಲಿಲ್ಲ. "ಪಕ್ಕಕ್ಕೆ ನಿಂತ್ಕೊಳಿ ಇಬ್ರೂ."

ಅಪ್ಪ ಕೆಡವುವುದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೆ, ಆಮೇಲೆ ನೋಡಿರಲಿಲ್ಲ. ಅವರು ಗೋಡೆಯನ್ನು ತಟ್ಟಿ, ಕಿವಿಗೊಟ್ಟು, ಇನ್ನೊಂದು ಕಡೆ ತಟ್ಟಿ, ಒಂದೇ ಏಟು ಹಾಕಿದರು. ಒಂದು ಕಲ್ಲು ಹೊರಟಿತು. ಇನ್ನೊಂದು ಏಟು, ಇನ್ನೊಂದು ಕಲ್ಲು. ಕಿಂಡಿಯ ಮೇಲಿನ ಗೋಡೆ ಅಲುಗಲಿಲ್ಲ. ಕಾಲುವೆಯಲ್ಲಿ ನೀರು ಬರುತ್ತಿತ್ತು, ಅಪ್ಪನ ಮೊಣಕಾಲಿಗೆ ಏರುತ್ತಿತ್ತು. ಕೊನೆಯ ಏಟಿಗೆ ಅವರು ಸುತ್ತಿಗೆ ಎಸೆದು ಕೂಗಿದರು, "ಒಂದು!"

ನಾನೂ ಕೊಳವೆಯ ಬುಡಕ್ಕೆ ಭುಜ ಕೊಟ್ಟೆ. ಕೊಡೆ ಮಗುಚಿ ಬಿದ್ದ ಸದ್ದಾಯಿತು. ಇನ್ನೊಂದು ಜೊತೆ ಕೈ ಬಂದು ನನ್ನ ಕೈಯ ಪಕ್ಕ ಕೂತಿತು. ಮೂವರೂ ತಳ್ಳಿದೆವು. ಒಂದನೇ ನಂಬರು ಗೋಡೆ ದಾಟಿತು. ಹಿಂದೆಯೇ ನೀರು, ಕೊಳವೆಯೊಳಗೆ ಗೊಗ್ಗರು ಧ್ವನಿಯಲ್ಲಿ ಗುಡುಗುತ್ತ ಬಂದು, ಹಳ್ಳಕ್ಕೆ ದಬದಬ ಬಿತ್ತು.

ಒಳಗೆ ಬಂದು 'ನೋಡಿ' ಎಂದು ಹೆಮ್ಮೆಯಿಂದ ಕೋಣೆಯ ಬಾಗಿಲು ತೆರೆದ ಮೇಲೆ ನನಗೆ ನೆನಪಾಯಿತು. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದ ದಾರಗಳ ಮೇಲೆ ಮೂರನೇ ಸಂಪುಟದ ಹಾಳೆಗಳು, ಒಗೆದ ಕರವಸ್ತ್ರಗಳ ಹಾಗೆ, ಸಾಲಾಗಿ ನೇತಾಡುತ್ತಿದ್ದವು. ನೆಲದಲ್ಲಿ ನಿನ್ನೆಯ ಕೆಸರಿನ ಗೆರೆ.

ಗ್ರಂಥಪಾಲಕಿ ಒಂದು ಹಾಳೆಯನ್ನು ಬೆರಳ ತುದಿಯಿಂದ ಮುಟ್ಟಿದರು. "ಅಜ್ಜಿ ಹೇಳಿದ್ರಲ್ಲ, ಒಂದ್ ಹನೀನೂ ಬಂದಿಲ್ಲ ಅಂತ. ಎಲ್ಲಿ ಅಜ್ಜಿ?"

"ಯಾವ ಅಜ್ಜಿ?" ಎಂದರು ಅಪ್ಪ.

ಸುತ್ತಿಗೆ ಏಟಿಗಿಂತ ಚೊಕ್ಕಟವಾಗಿ ಕೆಡವಿದರು. ನನ್ನ ಗುಟ್ಟು ನನ್ನದೇ ರಟ್ಟುಗಳ ನಡುವೆ ರಟ್ಟಾಯಿತು. ನಾನು ಗಂಟಲು ಸರಿಮಾಡಿಕೊಂಡೆ. "ಅಜ್ಜಿ ನಾನೇ. ನೀರು ಬಂದಿತ್ತು. ನೀವು ಕೇಳಿದಾಗ ನಾನು ಅದರೊಳಗೇ ನಿಂತಿದ್ದೆ."

ಅವರು ನನ್ನನ್ನು ನೋಡಿದರು, ಹಾಳೆಗಳನ್ನು ನೋಡಿದರು, ಹಿಂಗೋಡೆಯನ್ನು ನೋಡಿದರು. "ಮಳೆ ನಿಲ್ಲೋವರೆಗೂ ಕೂತ್ಕೋತೀನಿ," ಎಂದು ಸ್ಟೂಲನ್ನು ಗೋಡೆಯ ಎದುರಿಗೆ ಎಳೆದುಕೊಂಡು, ಒದ್ದೆ ಸೆರಗು ಹಿಂಡಿ ಕೂತರು.

ಅಂಥ ಮಳೆಯನ್ನು ನಾನು ಹಿಂದೆ ಬೈದದ್ದುಂಟು, ಆದರೆ ಯಾವತ್ತೂ ಹೀಗೆ ಕಾದದ್ದಿಲ್ಲ. ಹೊರಗೆ ಕೊಳವೆ ಗೊಣಗುತ್ತಿತ್ತು. ಗೋಡೆಯ ಬುಡದಲ್ಲಿ ಒಂದು ಕಡೆ ಕಪ್ಪಗೆ ಕಂಡಿತು; ಅವರು ಎದ್ದು ಬೆರಳಿಟ್ಟು ನೋಡಿದರು. ನಿನ್ನೆಯ ತೇವ. ಮತ್ತೆ ಕೂತರು. ಮಳೆ ನಿಧಾನವಾಗಿ, ಮನಸ್ಸಿಲ್ಲದೆ ನಿಂತಿತು. ನೆಲಕ್ಕೆ ಹೊಸ ನೀರು ಬಂದಿರಲಿಲ್ಲ.

ಅವರು ಎದ್ದು ಕಪಾಟಿನ ನೆತ್ತಿಯಿಂದ ಎರಡು ಸಂಪುಟ ಕೆಳಗಿಳಿಸಿದರು. ಹೊರಟೇ ಬಿಟ್ಟರು ಎಂದುಕೊಂಡೆ. ಅವನ್ನು ನನ್ನ ಮೇಜಿನ ಮೇಲಿಟ್ಟರು.

"ಉಳಿದವು ಬರುತ್ವೆ," ಎಂದರು. ಆಶ್ಚರ್ಯವೆಂದರೆ ಪಿಸುಗುಟ್ಟಲಿಲ್ಲ, ಗಟ್ಟಿಯಾಗಿ, ಒಳ್ಳೆಯ ದಪ್ಪ ಧ್ವನಿಯಲ್ಲಿ ಹೇಳಿದರು. "ಒಂದು ಮುಗಿದ ಮೇಲೆ ಒಂದು. ಒಟ್ಟಿಗೆ ಕೊಡಲ್ಲ. ಇನ್ಮೇಲೆ ಫೋನು ಮಾತ್ರ ನಿಮ್ಮಪ್ಪ ಎತ್ಲಿ. ಅವ್ರು ತಪ್ಪು ಹೇಳಿದ್ರೂ ಅವ್ರ ಧ್ವನೀಲೇ ಹೇಳ್ತಾರೆ."

ಬಾಗಿಲಲ್ಲಿ ಒಂದು ಕ್ಷಣ ನಿಂತು, "ನಿಮ್ಮನೆಯವ್ರಿಗೆ ಹೇಳಿ, ವಾಪಸ್ ಹೋಗೋವಾಗ ನಮ್ಮ ಸ್ಟಾಪಲ್ಲಿ ಹೀಗೇ ಕೂಗ್ತೀನಿ ಅಂತ," ಎಂದರು.

ನಾನು ಕೂರಬೇಕೆಂದುಕೊಂಡೆ. ಕೂತು, ಕಾಲು ಚಾಚಿ, ಸ್ವಲ್ಪ ಹೊತ್ತು ಯಾರನ್ನೂ ಬೈಯದೆ ಇರಬೇಕೆಂದುಕೊಂಡೆ.

"ಅಮ್ಮಾ, ಒಂದ್ನಿಮಿಷ," ಎಂದು ಅಪ್ಪ ಅವರ ಹಿಂದೆ ಹೋಗುವುದು ಕೇಳಿಸಿತು. "ನಿಮ್ಮ ಲೈಬ್ರರೀಲಿ ಹಳೇ ಕಪಾಟು ತೆಗೀತಾರೆ ಅಂತ ಕೇಳ್ದೆ. ಯಾರಾದ್ರೂ ಕೀಳೋರಿದಾರಾ? ನಾನು ಬಿಚ್ಚಿಕೊಡ್ತೀನಿ. ಒಂದೊಂದು ಹಲಗೆಗೂ ನಂಬರ್ ಹಾಕಿ, ನೀಟಾಗಿ."

ನಾನು ಎದ್ದು ಹಿಂಬಾಗಿಲಿನಿಂದ ಹಳ್ಳದ ಕಡೆ ಓಡಿದೆ. ಆ ಬ್ರಷ್ಷು ಬಿದ್ದ ಜಾಗ ಅವರಿಗೆ ಗೊತ್ತಿತ್ತು. ಅವರಿಗಿಂತ ಮೊದಲು ಅದು ನನಗೆ ಸಿಗಬೇಕಿತ್ತು.